ನಲ್ಲಿ ಬಿಟ್ಟುಕೊಂಡು ಹೇಳಿದ ಮಾತು

ಮನುಷ್ಯ ಬಚ್ಚಲುಮನೆಯ ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನು ಮಾಡುತ್ತಾನೆ ಎಂಬುದು ಅವನಿಗೂ ಅವನ ಬಕೆಟ್ಟಿಗೂ ಸಂಬಂಧಪಟ್ಟ ವಿಷಯ. ಈ ಒಂದು ತಿಳುವಳಿಕೆಯ ಮೇಲೆಯೇ ಸಂಸಾರಗಳು, ಕಚೇರಿಗಳು, ಬಹುಶಃ ಸರ್ಕಾರಗಳೂ ನಿಂತಿವೆ. ಅದನ್ನು ಅಲ್ಲಾಡಿಸಲು ಹೋದವರಿಗೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ತಕ್ಕಡಿಯವರೇ ಸಾಕ್ಷಿ.

ತಕ್ಕಡಿಯವರು ಎನ್ನುವುದು ಅವರ ಹೆಸರಲ್ಲ, ಊರಿನವರು ಇಟ್ಟದ್ದು. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರಿಶೀಲಕರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ, ಸರಿಯಿಲ್ಲದಿದ್ದರೆ ಮುಖ ಗಂಟು ಹಾಕಿಕೊಂಡು ಬರುವುದು ಅವರ ಕೆಲಸ. ಇಷ್ಟು ವರ್ಷಗಳ ನೌಕರಿಯಲ್ಲಿ ಯಾರಿಂದಲೂ ಕೈ ಬೆಚ್ಚಗೆ ಮಾಡಿಸಿಕೊಂಡವರಲ್ಲ. ಮನೆಯಲ್ಲಿ ಮಾತ್ರ ಅವರ ಮಾತುಗಳೂ ತೂಕ ಮಾಡಿದ ಹಾಗೆ ಬರುತ್ತಿದ್ದವು. ಟವೆಲ್ ಎಲ್ಲಿ, ಕನ್ನಡಕ ಎಲ್ಲಿ, ನಾನು ಹೊರಟೆ. ಒಂದು ದಿನದ ಸಂಸಾರಕ್ಕೆ ಇಷ್ಟು ಸಾಕು ಎಂಬುದು ಅವರ ಅಂದಾಜು. ಹೆಂಡತಿ ಎಂದೂ ತಕರಾರು ಮಾಡದೆ ಟವೆಲ್ಲನ್ನೂ ಕನ್ನಡಕವನ್ನೂ ಹುಡುಕಿ ಕೊಡುತ್ತಿದ್ದದ್ದರಿಂದ ಅಂದಾಜು ಸರಿಯೆಂದೇ ಅವರು ತಿಳಿದಿದ್ದರು.

ಅವರು ಇದ್ದ ಕಟ್ಟಡದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲ್ಕು ಅಂತಸ್ತು. ನಡುವೆ ಗಾಳಿ ಬೆಳಕಿಗೆಂದು ಮೇಲಿನಿಂದ ಕೆಳಗಿನ ತನಕ ಬಿಟ್ಟ ಕಿರಿದಾದ ಜಾಗ. ಅದನ್ನು ಎಲ್ಲರೂ ಡಕ್ಟು ಎನ್ನುತ್ತಿದ್ದರು. ಎಲ್ಲ ಮನೆಗಳ ಬಚ್ಚಲಿನ ಕಿಟಕಿಯೂ ಅಡುಗೆಮನೆಯ ಕಿಟಕಿಯೂ ಆ ಡಕ್ಟಿಗೇ ತೆರೆದುಕೊಂಡಿದ್ದವು. ಬೆಳಕು ಬಂದದ್ದನ್ನು ಯಾರೂ ನೋಡಿಲ್ಲ. ಸದ್ದು ಮಾತ್ರ ಧಾರಾಳವಾಗಿ ಬರುತ್ತಿತ್ತು. ಮೇಲಿನ ಮನೆಯ ವಿಮೆ ಏಜೆಂಟರು ಕೆಮ್ಮಿದರೆ ಕೆಳಗಿನವರಿಗೆ ಕಫದ ಬಣ್ಣ ಕೂಡ ಗೊತ್ತಾಗುತ್ತಿತ್ತು.

ಆದ್ದರಿಂದ ಆ ಕಟ್ಟಡದಲ್ಲಿ ಒಂದು ನಿಯಮವಿತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೂ ಯಾರೂ ಮೀರಿದ್ದಿಲ್ಲ: ಡಕ್ಟಿನಲ್ಲಿ ಕೇಳಿದ್ದು ಕೇಳಿಸಿಲ್ಲ. ಹಿಂದೊಮ್ಮೆ ಹೊಸದಾಗಿ ಬಾಡಿಗೆಗೆ ಬಂದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಬಚ್ಚಲಿನಲ್ಲಿ ಬಹಳ ಹೊತ್ತು ಅತ್ತಳು. ಮಧ್ಯಾಹ್ನ ಒಬ್ಬರಾದ ಮೇಲೆ ಒಬ್ಬರು ಹೆಂಗಸರು ಅವಳ ಮನೆಗೆ ಹೋದರು. ಒಬ್ಬರಿಗೆ ಸೂಜಿ ಬೇಕಿತ್ತು, ಇನ್ನೊಬ್ಬರಿಗೆ ಗಡಿಯಾರ ಸರಿ ಇದೆಯೇ ಎಂದು ನೋಡಬೇಕಿತ್ತು. ಅಳುವಿನ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆಯ ಹೊತ್ತಿಗೆ ಅವಳ ಮುಖ ಸ್ವಲ್ಪ ಗೆಲುವಾಗಿತ್ತು.

ಇಂಥ ಕಟ್ಟಡದಲ್ಲಿ ಇದ್ದುಕೊಂಡು ತಕ್ಕಡಿಯವರು ಕವಿಯಾಗಲು ಹೊರಟರು.

ರಸ್ತೆಯ ಕೊನೆಯ ಲೈಬ್ರರಿಯಲ್ಲಿ ಭಾನುವಾರ ಕವಿಗೋಷ್ಠಿ ನಡೆಯುತ್ತಿತ್ತು. ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಅವರಿಗೆ ಹೊಗಳುವುದು ಗೊತ್ತಿರಲಿಲ್ಲ. ಗೊತ್ತಿದ್ದರೂ ಸಂದರ್ಭ ಒದಗಿಬಂದಿರಲಿಲ್ಲ. ತಕ್ಕಡಿಯವರು ಅಲ್ಲಿ ತಮ್ಮ 'ಸಾಗರಗೀತೆ' ಓದಿದರು. ಅದರಲ್ಲಿ ಅಲೆಗಳು ಗರ್ಜಿಸಿದವು, ಬಂಡೆಗಳು ನಡುಗಿದವು, ಕವಿ ಏಕಾಂಗಿಯಾಗಿ ದಡದಲ್ಲಿ ನಿಂತ.

ಮೇಷ್ಟ್ರು ಕೇಳಿ ಮುಗಿಸಿ, "ಸಮುದ್ರ ನೋಡಿದೀರಾ?" ಅಂದರು.

"ಇಲ್ಲ."

"ಮತ್ತೆ ಅದ್ಯಾಕೆ ಅಷ್ಟೊಂದು ಗರ್ಜಿಸ್ತಾ ಇದೆ?"

ತಕ್ಕಡಿಯವರು ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

"ನೀವು ಅಂಗಡಿಗೆ ಹೋದಾಗ ಮೊದಲು ಏನು ನೋಡ್ತೀರಿ?"

"ಖಾಲಿ ತಕ್ಕಡಿ. ಏನೂ ಇಡದೆ ಇದ್ದಾಗ ಮುಳ್ಳು ಸೊನ್ನೆ ಮೇಲೆ ನಿಲ್ಲುತ್ತಾ ಅಂತ."

"ಹಾಗಾದ್ರೆ ನಿಮ್ಮನ್ನೂ ಒಂದ್ಸಲ ಹಾಗೇ ನೋಡ್ಕೊಳ್ಳಿ. ಯಾರೂ ನೋಡದೆ ಇದ್ದಾಗ ನೀವು ದಿನಾ ಏನು ಮಾಡ್ತೀರೋ ಅದನ್ನ ಬರೀರಿ. ಸಮುದ್ರ ಎಲ್ಲೂ ಹೋಗಲ್ಲ."

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಮುನಿಸಿಕೊಂಡು ಗೋಷ್ಠಿಯನ್ನೇ ಬಿಡುತ್ತಿದ್ದರು. ತಕ್ಕಡಿಯವರು ಅದನ್ನು ಇಲಾಖೆಯ ಆದೇಶದ ಹಾಗೆ ತೆಗೆದುಕೊಂಡರು. ಆ ವಾರವೆಲ್ಲ ತಮ್ಮನ್ನೇ ಪರಿಶೀಲಿಸಿದರು. ಯಾರೂ ನೋಡದಿರುವ ಜಾಗ ಮನೆಯಲ್ಲಿ ಒಂದೇ ಇತ್ತು. ಅಲ್ಲಿ ದಿನಾ ಮಾಡುತ್ತಿದ್ದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದರು. ಬರೆದು ಮುಗಿಸಿ ಎರಡು ಸಲ ಓದಿಕೊಂಡರು. ಹೆಂಡತಿಗೆ ತೋರಿಸೋಣ ಎಂದು ಅಡುಗೆಮನೆಯ ಬಾಗಿಲ ತನಕ ಹೋದರು. ಆಕೆ ತಿರುಗಿ ನೋಡಿದರು.

"ಕನ್ನಡಕ ಎಲ್ಲಿ?" ಎಂದು ತಕ್ಕಡಿಯವರು ಕೇಳಿದರು.

"ಹಾಕ್ಕೊಂಡಿದೀರಲ್ಲ," ಎಂದರು ಹೆಂಡತಿ.

ಲೈಬ್ರರಿಯ ವಾರ್ಷಿಕೋತ್ಸವಕ್ಕೆ ಬೀದಿಯ ಜನವೆಲ್ಲ ಬಂದಿದ್ದರು. ಕವಿತೆಗಾಗಿ ಬಂದವರು ಕಡಿಮೆ, ಕೊನೆಯಲ್ಲಿ ಕೊಡುವ ಟೀಗಾಗಿ ಬಂದವರು ಹೆಚ್ಚು. ಕಟ್ಟಡದ ಸಂಘದ ಅಧ್ಯಕ್ಷರು, ಅಂದರೆ ಕೆಳಗಿನ ಮನೆಯ ನಿವೃತ್ತ ಪೊಲೀಸ್ ಅಧಿಕಾರಿ, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಪಕ್ಕದಲ್ಲಿ ವಿಮೆ ಏಜೆಂಟರು. ಎರಡನೆಯ ಸಾಲಿನಲ್ಲಿ ತಕ್ಕಡಿಯವರ ಹೆಂಡತಿ, ಆಕೆಯ ತಮ್ಮ. ಸೋಫಾ ಅಂಗಡಿ ಇಟ್ಟಿದ್ದ ಈ ತಮ್ಮ ಲೈಬ್ರರಿಗೆ ಕುರ್ಚಿಗಳನ್ನು ಕಡಿಮೆ ದರದಲ್ಲಿ ಕೊಟ್ಟಿದ್ದರಿಂದ ಅವನಿಗೆ ಆಹ್ವಾನ ಬಂದಿತ್ತು.

ತಕ್ಕಡಿಯವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದರು:

ಬಾಗಿಲು ಮುಚ್ಚಿ, ಚಿಲಕ ಹಾಕಿ,
ನಲ್ಲಿ ಬಿಟ್ಟ ಮೇಲೆ
ನಾನು ದೊಡ್ಡ ಮನುಷ್ಯ.
ಹಲ್ಲುಜ್ಜುವ ಬ್ರಷ್ಷು ಎತ್ತಿ ತೋರಿಸಿ
ಸಾಹೇಬರಿಗೆ ಎದುರುತ್ತರ ಕೊಡುತ್ತೇನೆ.
ಹೊಟ್ಟೆ ಒಳಗೆಳೆದುಕೊಂಡು
ಕನ್ನಡಿಗೆ ಪಕ್ಕದಿಂದ ಕಾಣಿಸಿಕೊಳ್ಳುತ್ತೇನೆ,
ಉಸಿರು ತಡೆಯಲಾರದೆ ಬಿಟ್ಟು
ಕನ್ನಡಿಯನ್ನೇ ಬೈಯುತ್ತೇನೆ.
ಕೊನೆಗೆ, ನೀರಿನ ಸದ್ದಿನಲ್ಲಿ,
ನಿನಗೆ ತಪ್ಪಾಯಿತು ಅನ್ನುತ್ತೇನೆ.
ಅಂದು ನೀನು ಬಾಗಿಲಲ್ಲಿ ಕಾದೆ.
ನಾನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆ.
ಕೈಯಲ್ಲಿ ಟಿಕೆಟ್ಟಿತ್ತು,
ಕಾಲಲ್ಲಿ ಧೈರ್ಯವಿರಲಿಲ್ಲ.
ನಲ್ಲಿ ನಿಲ್ಲಿಸಿದ ಮೇಲೆ
ನಾನು ಮತ್ತೆ ನಾನೇ.
ಟವೆಲ್ ಎಲ್ಲಿ ಎಂದು ಕೂಗುತ್ತೇನೆ.

ಬ್ರಷ್ಷಿನ ಸಾಲಿಗೆ ಸಭೆ ನಕ್ಕಿತು. ಹೊಟ್ಟೆಯ ಸಾಲಿಗೆ ಹೆಂಗಸರು ಮಾತ್ರ ನಕ್ಕರು, ಗಂಡಸರು ನೆಟ್ಟಗೆ ಕೂತರು. ತಪ್ಪಾಯಿತು ಎಂಬಲ್ಲಿಗೆ ಬಂದಾಗ ನಗು ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಇದು ಕವಿತೆ," ಎಂದರು. ಅವರ ಬಾಯಿಂದ ಅಂಥ ಮಾತು ಬಂದದ್ದನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ತಕ್ಕಡಿಯವರು ಎರಡನೆಯ ಸಾಲಿನ ಕಡೆ ನೋಡಿದರು. ಹೆಂಡತಿ ಎದ್ದು ಹೋಗಿದ್ದರು. ಟೀ ಕೂಡ ಕುಡಿದಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೊದಲು ಬಂದವರು ವಿಮೆ ಏಜೆಂಟರು. ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು.

"ನೋಡಿ ಸ್ವಾಮಿ, ಮನೇಲಿ ಬ್ರಷ್ಷು ಹಿಡ್ಕೊಂಡು ನಾನು ಸಾವಿರ ಮಾತಾಡ್ತೀನಿ. ಅದನ್ನ ನೀವು ಕೇಳಿಸ್ಕೊಂಡಿದೀರಿ, ಸರಿ. ಹೊರಗೆ ಹೇಳೋದು ಧರ್ಮನಾ?"

"ಅದು ನನ್ನ ಬ್ರಷ್ಷು," ಎಂದರು ತಕ್ಕಡಿಯವರು.

"ಎಲ್ರೂ ಹಾಗೇ ಹೇಳ್ತಾರೆ. ನಿನ್ನೆ ರಾತ್ರಿಯಿಂದ ನಮ್ಮ ಮನೆಯವಳು ನನ್ನ ಬ್ರಷ್ಷನ್ನ ನೋಡ್ತಾನೇ ಇದಾಳೆ."

ಅವರನ್ನು ಕಳಿಸುವಷ್ಟರಲ್ಲಿ ಅಧ್ಯಕ್ಷರು ಮೆಟ್ಟಿಲು ಹತ್ತಿ ಬಂದರು. ಅವರ ಆಕ್ಷೇಪ ಹೊಟ್ಟೆಯ ಬಗ್ಗೆ ಇರಬಹುದು ಎಂದು ತಕ್ಕಡಿಯವರು ಊಹಿಸಿದ್ದರು. ಹೊಟ್ಟೆಯ ಬಗ್ಗೆ ಅಧ್ಯಕ್ಷರು ತುಟಿ ಬಿಚ್ಚಲಿಲ್ಲ, ಆದರೆ ಮಾತಾಡುವಷ್ಟು ಹೊತ್ತೂ ಅದನ್ನು ಒಳಗೆ ಎಳೆದುಕೊಂಡೇ ಇದ್ದರು. ಅವರಿಗೆ ಅನುಮಾನ ಬಂದದ್ದು ಬೇರೆ ಕಡೆ. ಕೆಲಸದಲ್ಲಿದ್ದಾಗ ಅವರು ಒಬ್ಬ ದೊಡ್ಡ ಕಳ್ಳನನ್ನೂ ಹಿಡಿದವರಲ್ಲ. ಹಾಗಾಗಿ ಆ ಉತ್ಸಾಹವೆಲ್ಲ ಇನ್ನೂ ಹಾಗೇ ಉಳಿದಿತ್ತು.

"ಒಂದೇ ಪ್ರಶ್ನೆ," ಎಂದರು ಅಧ್ಯಕ್ಷರು. "ಆ 'ನೀನು' ಯಾರು?"

"ಯಾವ ನೀನು?"

"ಕವಿತೆಯಲ್ಲಿ ಬಾಗಿಲಲ್ಲಿ ಕಾದವಳು."

ತಕ್ಕಡಿಯವರು ಅಡುಗೆಮನೆಯ ಕಡೆ ನೋಡಿದರು. ಒಳಗೆ ಪಾತ್ರೆಯ ಸದ್ದು ನಿಂತಿತ್ತು. ನನ್ನ ಹೆಂಡತಿ ಎಂದು ಹೇಳುವುದಕ್ಕೆ ನಾಲಿಗೆ ಹೊರಳಬೇಕಿತ್ತು. ಹೊರಳಲಿಲ್ಲ. "ಅದು ಸ್ವಂತ ವಿಷಯ," ಎಂದುಬಿಟ್ಟರು. ಅಧ್ಯಕ್ಷರಿಗೆ ಇಷ್ಟೇ ಬೇಕಾಗಿತ್ತು.

ಅವರು ನೇರವಾಗಿ ಸೋಫಾ ಅಂಗಡಿಗೆ ಹೋದರು. ಅಲ್ಲಿ ಮಾರಾಟಕ್ಕಿಟ್ಟ ಸೋಫಾದ ಪ್ಲಾಸ್ಟಿಕ್ ಹೊದಿಕೆಯ ಮೇಲೆಯೇ ಕೂತು ಭಾವಮೈದುನನಿಗೆ ತಮ್ಮ ತನಿಖೆಯನ್ನು ಒಪ್ಪಿಸಿದರು.

"ವಿಚಾರ ಮಾಡಿ ನೋಡಪ್ಪ. ಇಷ್ಟು ವರ್ಷ ಸಂಸಾರ ಮಾಡಿದ ಗಂಡಸು ಸ್ವಂತ ಹೆಂಡ್ತಿಗೆ ತಪ್ಪಾಯ್ತು ಅಂತಾನಾ?"

ಭಾವಮೈದುನ ತನ್ನ ಸಂಸಾರವನ್ನೇ ಒಮ್ಮೆ ಮನಸ್ಸಿನಲ್ಲಿ ತಿರುವಿಹಾಕಿದ. "ಇಲ್ಲ," ಎಂದ.

"ನಾನು ಹೇಳಿದೀನಾ? ನಮ್ಮಪ್ಪ ಹೇಳಿದಾರಾ? ಯಾರೂ ಹೇಳಿಲ್ಲ. ಅಂದ್ಮೇಲೆ ಇವರು ಹೇಳ್ತಾ ಇರೋದು ಹೆಂಡ್ತಿಗಲ್ಲ. ಎರಡನೇದು, ಬಸ್ ಸ್ಟ್ಯಾಂಡು. ಹೆಂಡ್ತಿ ಹತ್ರ ಹೋಗೋಕೆ ಬಸ್ಸು ಯಾಕೆ ಬೇಕು? ಅವಳು ಮನೇಲೇ ಇರ್ತಾಳಲ್ಲ. ಮೂರನೇದು, ಟಿಕೆಟ್ ತಗೊಂಡಿದ್ದಾರೆ. ಅಂದ್ರೆ ಹೊರಗಿನ ಊರು."

ತರ್ಕದಲ್ಲಿ ಎಳ್ಳಷ್ಟೂ ಸಂದು ಇರಲಿಲ್ಲ. ಭಾವಮೈದುನ ಆ ದಿನ ಅಂಗಡಿಯನ್ನು ಬೇಗ ಮುಚ್ಚಿದ. ಅಧ್ಯಕ್ಷರು ಗುಟ್ಟಾಗಿಡಲು ಹೇಳಿ ಹೋಗಿದ್ದರಿಂದ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಸುದ್ದಿ ಕಚೇರಿಗೂ ಮುಟ್ಟಿ ಅಲ್ಲಿ ತಕ್ಕಡಿಯವರ ಬೆಲೆ ಏರಿತು. ಅದುವರೆಗೆ ಅವರು ಬಂದರೂ ಹೋದರೂ ತಲೆ ಎತ್ತದ ಗುಮಾಸ್ತರು ಎದ್ದು ಕುರ್ಚಿ ಸರಿಸಿದರು. ಬೇರೆ ಊರಿನಲ್ಲಿ ಒಬ್ಬಳನ್ನು ಕಾಯಿಸಬಲ್ಲ ಮನುಷ್ಯ ತಮ್ಮ ಪಕ್ಕದ ಮೇಜಿನಲ್ಲೇ ಇಷ್ಟು ದಿನ ಮುದ್ರೆ ಒತ್ತುತ್ತಿದ್ದನಲ್ಲ ಎಂಬ ಅಚ್ಚರಿ ಅವರ ಕಣ್ಣುಗಳಲ್ಲಿತ್ತು. ಪರಿಶೀಲನೆಗೆ ಹೋದ ಕಡೆ ದಿನಸಿ ಅಂಗಡಿಯವನು ತಕ್ಕಡಿಯನ್ನು ಮುಂದೆ ತಳ್ಳಿ, ಕಿವಿಯ ಹತ್ತಿರ ಬಂದು, "ಸಾರ್, ಬಸ್ ಸ್ಟ್ಯಾಂಡ್ ಪಕ್ಕದಲ್ಲೇ ನಮ್ಮ ತಮ್ಮನ ಅಂಗಡಿ ಇದೆ. ಯಾರಿಗಾದ್ರೂ ಏನಾದ್ರೂ ಹೇಳಿ ಕಳಿಸೋದಿದ್ರೆ ಸಂಕೋಚ ಪಡ್ಬೇಡಿ," ಎಂದ. ತಕ್ಕಡಿಯವರು ಮುದ್ರೆ ಒತ್ತದೆ ಬಂದರು. ಅವನ ತಕ್ಕಡಿ ಸರಿಯಾಗಿಯೇ ಇತ್ತು ಎಂಬುದು ಬೇರೆ ಮಾತು.

ಮಧ್ಯಾಹ್ನ ಸಾಹೇಬರು ಒಳಗೆ ಕರೆಸಿದರು. ಬಾಗಿಲು ಮುಚ್ಚಲು ಹೇಳಿದರು. ಬಹಳ ಹೊತ್ತು ಪೇಪರ್‌ವೇಟ್ ತಿರುಗಿಸಿದರು.

"ಕವಿತೆಯಲ್ಲಿ ಬರೋ ಸಾಹೇಬರು ನಾನೇ ಅಲ್ವಾ?"

ತಕ್ಕಡಿಯವರಿಗೆ ಸುಳ್ಳು ಹೇಳೋಣವೆಂದರೆ ಅಭ್ಯಾಸವಿಲ್ಲ. "ಹೌದು ಸಾರ್."

ಸಾಹೇಬರು ತಲೆಯಾಡಿಸಿದರು. ಕಿಟಕಿಯ ಹೊರಗೆ ನೋಡಿದರು. ಮೇಲಧಿಕಾರಿಯ ಫೋಟೊ ಗೋಡೆಯ ಮೇಲಿತ್ತು, ಅದನ್ನೂ ಒಮ್ಮೆ ನೋಡಿದರು. ಆಮೇಲೆ ತೀರ ಗಂಭೀರವಾಗಿ ಕೇಳಿದರು:

"ನಲ್ಲಿ ಪೂರ್ತಿ ಬಿಡ್ತೀರಾ, ಅರ್ಧಾನಾ?"

"ಪೂರ್ತಿ ಸಾರ್."

"ನಾನು ಅರ್ಧ ಬಿಡ್ತಿದ್ದೆ. ಅದಕ್ಕೇ ಮನೆಯವರಿಗೆ ಕೇಳಿಸ್ತಿದೆ ಅನ್ಸುತ್ತೆ. ಆಯ್ತು, ಹೋಗಿ."

ಹೊರಗೆ ಹೀಗಾದರೆ ಒಳಗೆ ಇನ್ನೊಂದು ಥರ. ಹೆಂಡತಿ ಜಗಳವಾಡಲಿಲ್ಲ. ಕಣ್ಣೀರಿಲ್ಲ, ಪಾತ್ರೆ ಎತ್ತಿ ಕುಕ್ಕಲಿಲ್ಲ. ತಮ್ಮ ಬಂದು, "ಅಕ್ಕಾ, ಭಾವನ ವಿಷಯ ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದ. "ಅವರನ್ನೇ ಕೇಳು," ಎಂದು ಆಕೆ ತರಕಾರಿ ಹೆಚ್ಚುತ್ತ ಕೂತರು. ಒಂದೇ ಒಂದು ಬದಲಾವಣೆ ಆಗಿತ್ತು. ತಕ್ಕಡಿಯವರು ಸ್ನಾನಕ್ಕೆ ಹೋಗುವ ಮೊದಲೇ ಟವೆಲ್ಲು ಬಚ್ಚಲಿನ ಗೂಟದ ಮೇಲೆ ಮಡಿಸಿ ಇಟ್ಟಿರುತ್ತಿತ್ತು. ಕನ್ನಡಕ ಮೇಜಿನ ಮೇಲಿರುತ್ತಿತ್ತು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಟವೆಲ್ಲಿಲ್ಲದ ಸಂಸಾರದಲ್ಲಿ ಹೆಂಡತಿಯ ಹತ್ತಿರ ಮಾತಾಡುವುದಕ್ಕೆ ತಮಗೆ ಒಂದು ವಿಷಯವೂ ಇಲ್ಲ ಎಂಬುದು ಅವರಿಗೆ ಆಗ ತಿಳಿಯಿತು. ಆ ತಿಳಿವಳಿಕೆಯಿಂದ ಅವರಿಗೆ ಊಟ ಸೇರದಾಯಿತು.

ಹೇಳಲು ಪ್ರಯತ್ನ ಪಡಲಿಲ್ಲವೆಂದಲ್ಲ. ಆಕೆ ಬಟ್ಟೆ ಮಡಿಸುತ್ತಿದ್ದಾಗ ಹತ್ತಿರ ಹೋಗಿ ನಿಂತರು.

"ನೋಡು…"

"ಏನು?"

"ಆ ಕವಿತೆ ಇದೆಯಲ್ಲ…"

"ಇದೆ."

"ಅದರಲ್ಲಿ…" ಮೇಲಿದ್ದ ಅಂಗಿಯ ಕಡೆ ಕೈ ತೋರಿಸಿದರು. "ಈ ಅಂಗಿಗೆ ಗುಂಡಿ ಹೋಗಿದೆ."

ಆಕೆ ಅಂಗಿಯನ್ನು ತೆಗೆದು ನೋಡಿದರು. ಗುಂಡಿಗಳೆಲ್ಲ ಇದ್ದವು. ಮತ್ತೆ ಮಡಿಸಿ ಇಟ್ಟರು. ಮಾರನೆಯ ಬೆಳಿಗ್ಗೆ ತಕ್ಕಡಿಯವರು ನಲ್ಲಿ ಬಿಟ್ಟುಕೊಂಡು, ಹೇಳಲಾಗದ ಅದೇ ಮಾತನ್ನು ಆದಿಯಿಂದ ಅಂತ್ಯದವರೆಗೆ ಒಂದಕ್ಷರ ತಡವರಿಸದೆ ಕನ್ನಡಿಗೆ ಹೇಳಿ ಹೊರಗೆ ಬಂದರು.

ಭಾನುವಾರ ಬೆಳಿಗ್ಗೆ ವಿಚಾರಣೆ ಏರ್ಪಾಡಾಯಿತು. ಏರ್ಪಾಡು ಮಾಡಿದವನು ಭಾವಮೈದುನ. ಜೊತೆಗೆ ಅವನ ತಾಯಿಯನ್ನೂ ಕರೆತಂದಿದ್ದ. ಅವರಿಗೆ ಕಿವಿ ಮಂದ. ಮುಖ್ಯವಾದದ್ದನ್ನೆಲ್ಲ ಮಗ ಕಿವಿಯ ಹತ್ತಿರ ಕೂಗಿ ಹೇಳಬೇಕಿತ್ತು. ಈ ವಿಷಯವನ್ನು ಕೂಗಿ ಹೇಳುವುದು ಹೇಗೆಂದು ತಿಳಿಯದೆ ಏನೂ ಹೇಳಿರಲಿಲ್ಲ. ಅಳಿಯನನ್ನೂ ಮಗಳನ್ನೂ ನೋಡಿಕೊಂಡು ಹೋಗಲು ಬಂದಿದ್ದೇನೆಂದು ಅವರು ಸಂತೋಷವಾಗಿದ್ದರು. ಅಧ್ಯಕ್ಷರು ತನಿಖಾಧಿಕಾರಿಯಾಗಿ ಬಂದರು. ಬರುವ ಮೊದಲು ಮೇಲಿನ ಟ್ಯಾಂಕು ತೊಳೆಸುವುದಕ್ಕೆಂದು ಕಟ್ಟಡದ ನೀರು ನಿಲ್ಲಿಸಿ ಬಂದಿದ್ದರು. ಕಟ್ಟಡದ ಕೆಲಸವೂ ತನಿಖೆಯೂ ಒಂದೇ ಬೆಳಿಗ್ಗೆ ಮುಗಿಯಲಿ ಎಂದು. ಕವಿತೆಯ ವಿಷಯವಾದ್ದರಿಂದ ಮೇಷ್ಟ್ರನ್ನೂ ಕರೆಸಿದ್ದರು. ಮೇಷ್ಟ್ರು ಮೂಲೆಯ ಸ್ಟೂಲಿನ ಮೇಲೆ ಕೂತು, ಕೊಟ್ಟ ಟೀಯನ್ನು ಊದಿ ಊದಿ ಕುಡಿಯುತ್ತಿದ್ದರು.

ಹೆಂಡತಿ ಎಲ್ಲರಿಗೂ ಟೀ ಕೊಟ್ಟು ಗೋಡೆಗೆ ಒರಗಿ ನಿಂತರು.

"ಭಾವ, ತಪ್ಪು ತಿಳ್ಕೋಬೇಡಿ," ಎಂದು ಭಾವಮೈದುನ ಶುರುಮಾಡಿದ. "ನಿಮ್ಮ ಮೇಲೆ ನನಗೆ ಗೌರವ ಇಲ್ಲ ಅಂತಲ್ಲ. ಅಪ್ಪ ಹೋದ್ಮೇಲೆ ಅಕ್ಕನಿಗೆ ಕೇಳೋರು ಅಂತ ಇರೋನು ನಾನೊಬ್ಬ. ಬೀದಿಯಲ್ಲಿ ಏನೇನೋ ಮಾತಾಡ್ತಾ ಇದಾರೆ. ಅವಳು ತಲೆ ಎತ್ಕೊಂಡು ಹೇಗೆ ಓಡಾಡ್ಬೇಕು?"

ಅವನ ದನಿ ಸ್ವಲ್ಪ ಒಡೆಯಿತು. ಸೋಫಾ ಮಾರುವವನಿಗೆ ನಿಷ್ಠುರವಾಗಿ ಮಾತಾಡಿ ಅಭ್ಯಾಸವಿರಲಿಲ್ಲ.

ಅಧ್ಯಕ್ಷರು ಮಧ್ಯೆ ಬಂದರು. "ಸುಲಭದ ದಾರಿ ಒಂದಿದೆ. ಅದೆಲ್ಲ ಬರೀ ಕಲ್ಪನೆ, ಸುಳ್ಳು, ಅಂತ ಇಲ್ಲಿ ಎಲ್ಲರ ಮುಂದೆ ಹೇಳ್ಬಿಡಿ. ಕವಿಗಳು ಏನೇನೋ ಬರೀತಾರೆ. ಬೀದಿಗೆ ನಾನು ಹೇಳ್ತೀನಿ. ಇವತ್ತೇ ಮುಗೀತು."

ತಕ್ಕಡಿಯವರಿಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಒಂದು ಮಾತು. ಆ ಒಂದು ಮಾತು ಹೇಳಿದರೆ ಊಟ ಸೇರುತ್ತದೆ, ಬೀದಿ ಬಾಯಿ ಮುಚ್ಚುತ್ತದೆ, ನಾಳೆಯಿಂದ ಟವೆಲ್ ಎಲ್ಲಿ ಎಂದು ಕೂಗಬಹುದು. ಬಾಯಿ ತೆರೆದರು. ಮೇಷ್ಟ್ರು ಊದುವುದನ್ನು ನಿಲ್ಲಿಸಿದ್ದರು. ಹೆಂಡತಿ ಗೋಡೆಗೆ ಒರಗಿದ್ದವರು ನೆಟ್ಟಗಾಗಿದ್ದರು. ಆಕೆಯ ಮುಖ ನೋಡಿದಾಗ ತಕ್ಕಡಿಯವರಿಗೆ ಒಂದು ಸಂಗತಿ ಹೊಳೆಯಿತು. ಈಗ ಸುಳ್ಳು ಎಂದರೆ, ಆ ತಪ್ಪಾಯಿತು ಎಂಬ ಮಾತೂ ಸುಳ್ಳಾಗುತ್ತದೆ. ಮುಳ್ಳು ಸೊನ್ನೆಗೆ ಬರದ ತಕ್ಕಡಿಗೆ ಅವರು ಜನ್ಮದಲ್ಲಿ ಮುದ್ರೆ ಒತ್ತಿದವರಲ್ಲ.

"ಸುಳ್ಳಲ್ಲ," ಎಂದರು.

"ಹಾಗಾದ್ರೆ ಅವಳು ಯಾರು?" ಎಂದ ಭಾವಮೈದುನ.

ತಕ್ಕಡಿಯವರು ಎದ್ದು ನಿಂತರು. ಹೆಂಡತಿ ಅಷ್ಟು ಹೊತ್ತು ಅವರನ್ನೇ ನೋಡುತ್ತಿದ್ದು, ಕೊನೆಗೆ ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

"ಒಂದು ನಿಮಿಷ," ಎಂದು ತಕ್ಕಡಿಯವರು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು.

ಆರೋಪಿ ಪರಾರಿಯಾಗುವುದಾದರೆ ಡಕ್ಟಿನ ಮೂಲಕವೇ ಆಗಬೇಕೆಂದು ಅಧ್ಯಕ್ಷರು ಲೆಕ್ಕ ಹಾಕಿದರು. ಅಂಥ ಯೋಚನೆ ತಕ್ಕಡಿಯವರಿಗೆ ಇರಲಿಲ್ಲ. ಒಳಗೆ ಒಂದು ಸಲ ನಲ್ಲಿ ಬಿಟ್ಟುಕೊಂಡು ಹೇಳಿ ನೋಡುವುದು, ಬಾಯಿಗೆ ಬಂದ ಮೇಲೆ ಅದು ಆರುವ ಮೊದಲೇ ಓಡಿ ಹೋಗಿ ಆಕೆಗೆ ಹೇಳಿಬಿಡುವುದು, ಇದು ಅವರ ಉದ್ದೇಶ. ನಲ್ಲಿ ತಿರುಗಿಸಿದರು. ಅದು ಕೆಮ್ಮಿತು, ಎರಡು ತೊಟ್ಟು ಉದುರಿಸಿತು, ನಿಂತುಹೋಯಿತು. ಪೂರ್ತಿ ತಿರುಗಿಸಿದರು. ಗಾಳಿ ಮಾತ್ರ ಬಂತು.

ಕನ್ನಡಿಯಲ್ಲಿದ್ದ ಮನುಷ್ಯ ಅವರನ್ನೇ ನೋಡುತ್ತಿದ್ದ. ಅವನ ಮುಂದೆ ಅವರು ಇಷ್ಟು ಮೌನದಲ್ಲಿ ಎಂದೂ ನಿಂತಿರಲಿಲ್ಲ. ವಾಪಸ್ಸು ಹೋಗೋಣವೆಂದು ಚಿಲಕಕ್ಕೆ ಕೈ ಹಾಕಿದರು, ಕೈ ತೆಗೆದರು. ಆಮೇಲೆ ಕಣ್ಣು ಮುಚ್ಚಿಕೊಂಡು ಶುರುಮಾಡಿದರು. ಇಷ್ಟು ವರ್ಷ ಪೂರ್ತಿ ಬಿಟ್ಟ ನಲ್ಲಿಯ ಮೇಲೆ ಮಾತಾಡಿದವರು. ಆ ಮಾತು ಬರುತ್ತಿದ್ದದ್ದೇ ಆ ದನಿಯಲ್ಲಿ. ಹಾಗಾಗಿ ನೀರಿಲ್ಲದ ಬಚ್ಚಲಿನಿಂದ ಹೊರಟ ಅವರ ದನಿ ನಾಲ್ಕೂ ಅಂತಸ್ತಿನ ಗೋಡೆಗಳಿಗೆ ಬಡಿಯಿತು.

"ತಪ್ಪಾಯ್ತು ಕಣೇ. ನಿಮ್ಮಪ್ಪ ಹೋದ ದಿನ ನನಗೆ ಯಾವ ಪರಿಶೀಲನೆಯೂ ಇರ್ಲಿಲ್ಲ. ಕೆಲಸ ಇತ್ತು ಅಂದದ್ದು ಸುಳ್ಳು. ಬೆಳಗಿನ ಬಸ್ಸಿಗೇ ಟಿಕೆಟ್ ತಗೊಂಡಿದ್ದೆ. ಬಸ್ ಬಂತು, ಹೋಯ್ತು. ಇನ್ನೊಂದು ಬಂತು, ಅದೂ ಹೋಯ್ತು. ನಾನು ಬೆಂಚಿನ ಮೇಲೇ ಕೂತಿದ್ದೆ. ನೀನು ಅಳೋದನ್ನ ನೋಡಿ ನಾನೇನು ಮಾಡ್ಬೇಕು, ಏನು ಹೇಳ್ಬೇಕು, ಒಂದೂ ಗೊತ್ತಾಗ್ಲಿಲ್ಲ. ಹೆದರಿಕೆ ಆಯ್ತು. ಎಲ್ಲ ಮುಗಿದ್ಮೇಲೆ ಬಂದೆ. ನೀನು ಬಾಗಿಲಲ್ಲಿ ನಿಂತಿದ್ದೆ. ಬೈತೀಯ ಅಂದ್ಕೊಂಡೆ. ಊಟ ಆಯ್ತಾ ಅಂತ ಕೇಳಿದೆ. ಅಪ್ಪನ್ನ ಕಳ್ಕೊಂಡ ದಿನ ನೀನು ನನ್ನನ್ನ ಊಟ ಆಯ್ತಾ ಅಂತ ಕೇಳಿದೆ."

ಹಾಲಿನಲ್ಲಿ ಭಾವಮೈದುನ ತಲೆ ತಗ್ಗಿಸಿ ಕೂತಿದ್ದ. ಅಂದು ಅಪ್ಪನ ದೇಹವನ್ನು ಎತ್ತುವಾಗ ಭಾವ ಎಲ್ಲಿ ಎಂದು ಜನ ಕೇಳಿದ್ದರು, ಕೆಲಸದಲ್ಲಿದ್ದಾರೆ ಎಂದು ಎಲ್ಲರಿಗೂ ಉತ್ತರ ಹೇಳಿದವನು ಅವನೇ. ಅಧ್ಯಕ್ಷರ ಹೊಟ್ಟೆ ಯಾವಾಗಲೋ ಸಡಿಲವಾಗಿ ಹೊರಗೆ ಬಂದಿತ್ತು. ಅದನ್ನು ಒಳಗೆಳೆದುಕೊಳ್ಳಲು ಅವರಿಗೆ ನೆನಪಾಗಲಿಲ್ಲ.

ಆ ದನಿ ಕಿವಿ ಮಂದವಾದ ಅತ್ತೆಗೂ ಮುಟ್ಟಿತ್ತು. ಅವರು ಬಚ್ಚಲಿನ ಬಾಗಿಲ ಕಡೆ ತಿರುಗಿ, ಯಾರಿಗೆಂದಿಲ್ಲದೆ ಹೇಳಿದರು: "ನಮ್ಮ ಯಜಮಾನ್ರೂ ಹಾಗೇ ಇದ್ರು. ಮನೇಲಿ ಯಾರಾದ್ರೂ ಅತ್ರೆ ಚಪ್ಪಲಿ ಹಾಕ್ಕೊಂಡು ಹೊರಗೆ ಹೊರಟುಬಿಡೋರು. ಇವಳನ್ನ ಮದುವೆ ಮಾಡಿ ಕಳಿಸಿದ ದಿನ ಎಲ್ಲೆಲ್ಲೋ ಹುಡುಕಿದ್ವಿ. ನೀರಿನ ಪಂಪಿನ ಹಿಂದೆ ಕೂತಿದ್ರು."

ಒಳಗೆ ತಕ್ಕಡಿಯವರು ಬೇಸಿನ್ನಿನ ಅಂಚು ಹಿಡಿದುಕೊಂಡು ನಿಂತಿದ್ದರು. ಕಿಟಕಿಯ ಹೊರಗಿನಿಂದ, ಡಕ್ಟಿನ ಆ ಕಡೆಯಿಂದ, ಅಡುಗೆಮನೆಯ ಕಿಟಕಿಯಿಂದ, ಹೆಂಡತಿಯ ದನಿ ಬಂತು. ಬಹಳ ಸಾಮಾನ್ಯವಾದ ದನಿ.

"ಗೊತ್ತು."

ತಕ್ಕಡಿಯವರಿಗೆ ಅರ್ಥವಾಗಲಿಲ್ಲ. "ಏನು ಗೊತ್ತು?"

"ಎಲ್ಲಾನೂ. ಬಸ್ಸು, ಬೆಂಚು, ಟಿಕೆಟ್ಟು. ದಿನಾ ಹೇಳ್ತೀರಲ್ಲ."

"ನಲ್ಲಿ ಬಿಟ್ಟಿರ್ತಿದ್ನಲ್ಲ?"

"ನಲ್ಲಿ ಬಿಟ್ಟಾಗ ನೀವು ಇನ್ನೂ ಜೋರಾಗಿ ಮಾತಾಡ್ತೀರಿ."

ಇಲಾಖೆಯ ಇಷ್ಟು ವರ್ಷಗಳ ಅನುಭವವಿದ್ದೂ ಈ ಸರಳವಾದ ಲೆಕ್ಕ ಅವರಿಗೆ ಹೊಳೆದಿರಲಿಲ್ಲ. ನೀರಿನ ಸದ್ದು ಎಷ್ಟು ಏರಿತೋ ಅವರ ದನಿಯೂ ಅಷ್ಟೇ ಏರಿತ್ತು, ಡಕ್ಟಿನ ಆ ಬದಿಗೆ ಪ್ರತಿದಿನವೂ ಸರಿಯಾದ ತೂಕ ತಲುಪಿತ್ತು. ಆ ಹೊತ್ತಿಗೆ ಅಧ್ಯಕ್ಷರು ದಿನಾ ವಾಯುವಿಹಾರದಲ್ಲಿರುತ್ತಿದ್ದರು, ಉಳಿದವರಿಗೆ ಕಟ್ಟಡದ ನಿಯಮವಿತ್ತು.

"ಮತ್ತೆ ಒಂದು ದಿನಾನೂ ಹೇಳ್ಲಿಲ್ಲ ನೀನು. ಕೇಳಿಸ್ತಿದೆ ಅಂತ."

ಆ ಕಡೆಯಿಂದ ಲೋಟ ಇಟ್ಟ ಸದ್ದು ಕೇಳಿಸಿತು.

"ಹೇಳಿದ್ರೆ ನಿಲ್ಲಿಸ್ಬಿಡ್ತಿದ್ರಿ."

ತಕ್ಕಡಿಯವರು ಕನ್ನಡಿಯ ಕಡೆ ನೋಡಲಿಲ್ಲ.

"ಅಷ್ಟೇ ಸಾಕಾಗಿತ್ತು ನನಗೆ," ಎಂದಿತು ಆ ದನಿ. ಈಗ ಅದು ಮೊದಲಿನಷ್ಟು ಸಾಮಾನ್ಯವಾಗಿರಲಿಲ್ಲ. "ಬೆಳಿಗ್ಗೆ ಒಲೆ ಮುಂದೆ ನಿಂತ್ಕೊಂಡು ಕೇಳ್ತಿದ್ದೆ. ನನ್ನದು ಅಂತ ಇಟ್ಕೊಂಡಿದ್ದೆ. ನೀವು ಅದನ್ನ ತಗೊಂಡು ಹೋಗಿ ಲೈಬ್ರರಿಯಲ್ಲಿ ಅಷ್ಟು ಜನದ ಮುಂದೆ ಓದಿದ್ರಿ. ಅವರಿಗೆಲ್ಲ ಹೇಳೋಕೆ ಆಗುತ್ತೆ. ಒಂದು ಸಲ ಬಾಗಿಲು ತೆಗೆದು ನನಗೆ 'ತಪ್ಪಾಯ್ತು' ಅನ್ನೋಕೆ ಆಗಲ್ವಾ?"

ಮೇಷ್ಟ್ರು ಮೆಲ್ಲಗೆ ಎದ್ದು, ಲೋಟವನ್ನು ಸದ್ದಾಗದಂತೆ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಕವಿತೆಯ ಬಗ್ಗೆ ಅವರು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ಅಡುಗೆಮನೆಯಿಂದ ಬಂದ ಹೆಂಡತಿ ಬಚ್ಚಲಿನ ಬಾಗಿಲ ಮುಂದೆ ನಿಂತಿದ್ದರು. ತಕ್ಕಡಿಯವರ ಮುಖವೆಲ್ಲ ಒದ್ದೆಯಾಗಿತ್ತು, ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಗೂಟದ ಮೇಲೆ ಟವೆಲ್ಲು ಇದ್ದೇ ಇತ್ತು, ಅವರಿಗೆ ಕಾಣಿಸಲಿಲ್ಲ. ಆಕೆ ಒಳಗೆ ಕೈ ಚಾಚಿ ಅದನ್ನು ತೆಗೆದು ಅವರ ಕೈಗೆ ಕೊಟ್ಟರು. ಅವರು ಮುಖ ಒರೆಸಿಕೊಳ್ಳಲಿಲ್ಲ. ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಕೆಯನ್ನು ನೋಡುತ್ತ, ತುಟಿ ಅಲ್ಲಾಡಿಸಿದರು. ಬಹಳ ಸಣ್ಣ ದನಿ. ಅವರಿಗೆ ಅಂಥ ದನಿಯೊಂದಿದೆ ಎಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅಧ್ಯಕ್ಷರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಏನಂದ್ರು?"

ಭಾವಮೈದುನ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. "ಏನೂ ಕೇಳಿಸ್ಲಿಲ್ಲ," ಎಂದ. "ನಿಮಗೆ ಕೇಳಿಸ್ತಾ?"

ಅಧ್ಯಕ್ಷರು ಅವನ ಮುಖ ನೋಡಿದರು. ಆಮೇಲೆ ಕಿವಿಗೊಟ್ಟರು. ಡಕ್ಟಿನ ಸುತ್ತಲಿನ ಯಾವ ಕಿಟಕಿಯಿಂದಲೂ ಒಂದು ಕೆಮ್ಮು ಕೂಡ ಬರಲಿಲ್ಲ. ಮೇಲಿನ ಮನೆಯ ವಿಮೆ ಏಜೆಂಟರು ಸಹ ಉಸಿರು ಹಿಡಿದು ನಿಂತಿದ್ದಿರಬೇಕು.

"ಇಲ್ಲಪ್ಪ," ಎಂದರು ಅಧ್ಯಕ್ಷರು. "ಇವತ್ತು ಬೆಳಿಗ್ಗೆಯಿಂದ ನನಗೆ ಏನೂ ಕೇಳಿಸಿಲ್ಲ." ಅಷ್ಟು ಹೇಳಿ, ನೀರು ಬಿಡಿಸಲು ಮಹಡಿ ಹತ್ತಿ ಹೋದರು.